‘ಅಪ್ರಾಕ್ಸಿಮೇಟ್ಲಿ’ ಎಲ್ಲಿ ಬರೆಯಬೇಕು, ಎಲ್ಲಿ ಬರೆಯಬಾರದು

ನಮ್ಮ ಕೋಲಾರ ಜಿಲ್ಲೆಯ ನರಸಾಪುರ, ವೇಮಗಲ್, ಮಾಲೂರು ಕಡೆಯ ಫ್ಯಾಕ್ಟರಿಗಳಿಗೆ ಸೇರಿದ ನಮ್ಮ ಹುಡುಗ ಹುಡುಗಿಯರಿಗೆ ದಿನಾ ಇಂಗ್ಲಿಷ್‌ನಲ್ಲಿ ಮೆಸೇಜು, ಮೇಲ್ ಬರೆಯುವ ಕೆಲಸ ಇದ್ದೇ ಇರುತ್ತದೆ. ಎಷ್ಟು ಪೀಸ್ ಆಯಿತು, ಲಾರಿ ಎಷ್ಟು ಹೊತ್ತಿಗೆ ಬರುತ್ತದೆ, ಗೋಡೌನ್‌ನಲ್ಲಿ ಇನ್ನೆಷ್ಟು ಸ್ಟಾಕ್ ಇದೆ. ಲೆಕ್ಕ ಪಕ್ಕಾ ಗೊತ್ತಿಲ್ಲದ ಕಡೆಯೆಲ್ಲ ಒಂದೇ ಪದ ಬಂದು ಕೂರುತ್ತದೆ: ಅಪ್ರಾಕ್ಸಿಮೇಟ್ಲಿ. ಒಳ್ಳೆಯ ಪದವೇ. ಆದರೆ ಎಲ್ಲದಕ್ಕೂ ಅದನ್ನೇ ಹಾಕಿದರೆ ಓದುವವರಿಗೆ ಏನೂ ಗೊತ್ತಾಗುವುದಿಲ್ಲ. ಐವತ್ತಕ್ಕಿಂತ ಕಮ್ಮಿನಾ, ಜಾಸ್ತಿನಾ? ಎಣಿಸಿ ಹೇಳಿದ್ದಾ, ಊಹೆನಾ? ನಾಳೆ ಬದಲಾಗುತ್ತಾ?

ನನ್ನ ಪ್ರಕಾರ ಇದಕ್ಕೆ ದಾರಿ ಒಂದೇ. ಮೊದಲು ಕನ್ನಡದಲ್ಲಿ ಹೇಳಿಕೊಳ್ಳಿ. ಕನ್ನಡದಲ್ಲಿ ನಾವು ಅಂದಾಜನ್ನು ತುಂಬಾ ಚೆನ್ನಾಗಿ ಹೇಳುತ್ತೇವೆ. ‘ಏಳೆಂಟು’, ‘ಐವತ್ತು ಚಿಲ್ಲರೆ’, ‘ಹತ್ತಿರ ಹತ್ತಿರ ನೂರು’, ‘ಒಂದು ಇಪ್ಪತ್ತು’ ಅನ್ನುವುದರಲ್ಲೇ ಯಾವ ಕಡೆಗೆ ಎಷ್ಟು ವಾಲಿದೆ ಅಂತ ಕೇಳುವವರಿಗೆ ತಿಳಿದುಬಿಡುತ್ತದೆ. ಆಮೇಲೆ ಅದಕ್ಕೆ ಸರಿಹೋಗುವ ಇಂಗ್ಲಿಷ್ ಪದ ಹುಡುಕಿ. ಸಮಸ್ಯೆ ಬರುವುದು ಕನ್ನಡದ ಮಾತನ್ನು ಹಾಗೆ ಹಾಗೇ ಇಂಗ್ಲಿಷ್‌ಗೆ ತಿರುಗಿಸಿದಾಗ, ಇಲ್ಲವೇ ಎಲ್ಲದಕ್ಕೂ ಒಂದೇ ಪದ ಹಾಕಿದಾಗ.

ಮೊದಲು ಪದವನ್ನೇ ನೋಡೋಣ

ಇದರ ಬೇರು ಲ್ಯಾಟಿನ್. ‘ಪ್ರಾಕ್ಸಿಮಸ್’ ಅಂದರೆ ತೀರಾ ಹತ್ತಿರ ಇರುವುದು. ಅದರಿಂದ ‘ಹತ್ತಿರಕ್ಕೆ ಬರು’ ಅನ್ನುವ ಅರ್ಥದ ಕ್ರಿಯಾಪದ ಹುಟ್ಟಿ, ಇಂಗ್ಲಿಷ್‌ಗೆ ಬಂತು. ‘ಪ್ರಾಕ್ಸಿಮಿಟಿ’ ಅನ್ನುವ ಪದ ಕೇಳಿರುತ್ತೀರಿ, ಫೋನ್ ಕಿವಿಗೆ ಇಟ್ಟ ತಕ್ಷಣ ಸ್ಕ್ರೀನ್ ಆಫ್ ಆಗುವುದು ಪ್ರಾಕ್ಸಿಮಿಟಿ ಸೆನ್ಸಾರ್‌ನಿಂದ. ಅದೂ ಇದೇ ಮನೆತನ. ಹಾಗಾಗಿ ಅಪ್ರಾಕ್ಸಿಮೇಟ್ಲಿ ಅಂತ ಬರೆದವರು ‘ನನಗೆ ಗೊತ್ತಿಲ್ಲ’ ಅನ್ನುತ್ತಿಲ್ಲ. ‘ನಿಜವಾದ ಲೆಕ್ಕ ಈ ಅಂಕಿಯ ಹತ್ತಿರದಲ್ಲೇ ಇದೆ, ನಾನು ನೋಡಿದ್ದೇನೆ’ ಅನ್ನುತ್ತಿದ್ದಾರೆ. ಏನೂ ನೋಡದೆ ಸುಮ್ನೆ ಬಾಯಿಗೆ ಬಂದ ಅಂಕಿ ಬರೆದು ಅದರ ಮುಂದೆ ಈ ಪದ ಹಾಕಿದರೆ, ಅದು ಓದುವವರ ನಂಬಿಕೆ ಕೆಡಿಸುವ ಕೆಲಸ.

ಸ್ಪೆಲ್ಲಿಂಗ್‌ನಲ್ಲಿ ಎರಡು ಕಡೆ ತಪ್ಪುತ್ತದೆ. ‘ಎ’ ಆದ ಮೇಲೆ ‘ಪಿ’ ಎರಡು. ಕೊನೆಯಲ್ಲಿ ‘ಟಿ’ ಆದ ಮೇಲೆ ‘ಇ’ ಬಿಡಬಾರದು, ಅದರ ಮುಂದೆ ‘ಎಲ್’, ‘ವೈ’. ಚಿಕ್ಕದಾಗಿ ಬರೆಯುವಾಗ ‘ಎಕ್ಸ್’ವರೆಗೆ ಬರೆದು ಒಂದು ಚುಕ್ಕಿ ಇಡುತ್ತಾರೆ. ನಾವು ಬಾಯಲ್ಲಿ ‘ಅಪ್ರಾಕ್ಸ್’ ಅನ್ನುತ್ತೇವಲ್ಲ, ಅದೇ.

ಉಚ್ಚಾರಣೆಯಲ್ಲಿ ಒತ್ತು ‘ಪ್ರಾ’ ಮೇಲೆ ಬೀಳಬೇಕು. ಇನ್ನೊಂದು ಸೂಕ್ಷ್ಮ ಇದೆ. ಗುಣವಾಚಕವಾಗಿ ಬಂದಾಗ ಕೊನೆ ‘ಮಟ್’ ಅಂತ ಮೊಟಕಾಗಿ ನಿಲ್ಲುತ್ತದೆ, ಕ್ರಿಯಾಪದವಾದಾಗ ಮಾತ್ರ ‘ಮೇಟ್’ ಅಂತ ಎಳೆಯುತ್ತಾರೆ. ‘ಲಿ’ ಸೇರಿದ ರೂಪವೂ ಸರಿಯಾಗಿ ಹೇಳಿದರೆ ‘ಅಪ್ರಾಕ್ಸಿಮಟ್ಲಿ’. ನಮ್ಮ ಕಡೆ ಎಲ್ಲರೂ ‘ಮೇಟ್ಲಿ’ ಅಂತಲೇ ಅನ್ನುವುದು, ಯಾರಿಗೂ ಅರ್ಥವಾಗದೆ ಇರುವುದಿಲ್ಲ. ಇಂಟರ್‌ವ್ಯೂಗೆ ತಯಾರಾಗುವವರು ಅಭ್ಯಾಸ ಮಾಡಿಕೊಂಡರೆ ಒಳ್ಳೆಯದು, ಅಷ್ಟೇ.

‘ಲಿ’ ಬೇಕಾ ಬೇಡವಾ

‘ಅಪ್ರಾಕ್ಸಿಮೇಟ್ 50 ಪೀಪಲ್ ಕೇಮ್’ ಅಂತ ಬರೆಯುವವರು ಬಹಳ. ಇದು ತಪ್ಪು. ಅಂಕಿಗೆ ಮೊದಲು ಬಂದರೆ ‘ಲಿ’ ಬೇಕೇ ಬೇಕು: ‘ಅಪ್ರಾಕ್ಸಿಮೇಟ್ಲಿ 50 ಪೀಪಲ್’. ತೂಕ, ಖರ್ಚು, ದೂರ, ಸಮಯ ಅನ್ನುವಂಥ ಹೆಸರಿಗೆ ಮೊದಲು ಬಂದರೆ ‘ಲಿ’ ಬೇಡ: ‘ದಿ ಅಪ್ರಾಕ್ಸಿಮೇಟ್ ವೆಯ್ಟ್ ಈಸ್ 15 ಕೆಜಿ’. ಅದೇ ವಿಷಯವನ್ನು ಇನ್ನೊಂದು ಥರ ಹೇಳಿದರೆ ‘ಇಟ್ ವೇಯ್ಸ್ ಅಪ್ರಾಕ್ಸಿಮೇಟ್ಲಿ 15 ಕೆಜಿ’. ಕನ್ನಡದಲ್ಲಿ ‘ಅಂದಾಜು ತೂಕ’ ಅಂದರೂ ‘ಅಂದಾಜು 15 ಕೆಜಿ’ ಅಂದರೂ ಪದ ಬದಲಾಗುವುದಿಲ್ಲ. ಅದಕ್ಕೇ ಇಂಗ್ಲಿಷ್‌ನಲ್ಲಿ ಕೈ ತಪ್ಪುತ್ತದೆ.

ಇನ್ನೊಂದು ರೂಢಿ, ಒಂದೇ ಕೆಲಸಕ್ಕೆ ಎರಡು ಪದ ಹಾಕುವುದು. ‘ಅಪ್ರಾಕ್ಸಿಮೇಟ್ಲಿ ಅರೌಂಡ್ 50’, ‘ಅಬೌಟ್ 50 ಆರ್ ಸೋ’, ‘ಅಪ್ರಾಕ್ಸಿಮೇಟ್ಲಿ 50 ಟು 60’. ಒಂದು ಸಾಕು. ಐವತ್ತರಿಂದ ಅರವತ್ತು ಅಂತ ವ್ಯಾಪ್ತಿಯನ್ನೇ ಕೊಟ್ಟ ಮೇಲೆ ಅದರೊಳಗೆ ಅಂದಾಜು ಬಂದಾಯಿತು. ಮೇಲೆ ಮತ್ತೊಂದು ಅಂದಾಜು ಯಾಕೆ?

ಯಾವ ಕಡೆಗೆ ಅಂದಾಜು?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಇಡೀ ವಿಷಯದಲ್ಲಿ ಜಾಸ್ತಿ ಉಪಯೋಗಕ್ಕೆ ಬರುವುದು ಇದೇ.

ಲೆಕ್ಕ ಆಚೆ ಈಚೆ ಎರಡೂ ಕಡೆ ಇರಬಹುದು ಅಂದರೆ ಅಪ್ರಾಕ್ಸಿಮೇಟ್ಲಿ, ಅಬೌಟ್, ಅರೌಂಡ್, ರಫ್ಲಿ, ನಾಲ್ಕೂ ಆಗುತ್ತವೆ. ವ್ಯತ್ಯಾಸ ಇರುವುದು ಎಲ್ಲಿ ಬಳಸುತ್ತೀರಿ ಅನ್ನುವುದರಲ್ಲಿ. ರಿಪೋರ್ಟು, ಅರ್ಜಿ, ಕಂಪನಿಯ ಮೇಲ್ ಅಂದರೆ ಅಪ್ರಾಕ್ಸಿಮೇಟ್ಲಿ ಸರಿ. ಮಾತಿನಲ್ಲಿ, ವಾಟ್ಸಾಪಿನಲ್ಲಿ ಅಬೌಟ್ ಸಾಕು, ಮೇಲ್‌ನಲ್ಲೂ ಅದು ಕಳಪೆ ಪದವೇನಲ್ಲ. ನನ್ನನ್ನು ಕೇಳಿದರೆ ಹತ್ತರಲ್ಲಿ ಎಂಟು ಕಡೆ ಅಬೌಟ್ ಅಂತಲೇ ಬರೆಯಿರಿ ಅನ್ನುತ್ತೇನೆ, ಉದ್ದ ಪದದಿಂದ ಲೆಕ್ಕ ಹೆಚ್ಚು ನಿಖರವಾಗುವುದಿಲ್ಲ. ರಫ್ಲಿ ಅಂದರೆ ತಲೆಯಲ್ಲೇ ಗುಣಿಸಿ ಹೇಳಿದ ಲೆಕ್ಕ ಅನ್ನುವ ಭಾವ ಬರುತ್ತದೆ.

ಇನ್ನೂ ಮುಟ್ಟಿಲ್ಲ, ಆದರೆ ಹತ್ತಿರ ಬಂದಿದೆ ಅಂದರೆ ನಿಯರ್ಲಿ ಅಥವಾ ಆಲ್ಮೋಸ್ಟ್. ‘ಹತ್ತಿರ ಹತ್ತಿರ ಇನ್ನೂರು’ ಅನ್ನುತ್ತೇವಲ್ಲ, ಅದು. ‘ನಿಯರ್ಲಿ 200’ ಅಂತ ಬರೆದರೆ 195 ಇರಬಹುದು, 205 ಇರಲು ಸಾಧ್ಯವಿಲ್ಲ. ಎಷ್ಟೋ ಜನ ಅಬೌಟ್‌ಗೂ ನಿಯರ್ಲಿಗೂ ವ್ಯತ್ಯಾಸ ಇಲ್ಲ ಅಂದುಕೊಂಡಿದ್ದಾರೆ. ಇದೆ. ನಿಯರ್ಲಿ ಅಂದಾಗ ‘ಅಬ್ಬಾ, ಅಷ್ಟೊಂದಾ’ ಅನ್ನುವ ಧ್ವನಿಯೂ ಸ್ವಲ್ಪ ಸೇರಿಕೊಳ್ಳುತ್ತದೆ. ನಿಯರ್ಲಿ, ಆಲ್ಮೋಸ್ಟ್ ಇವೆರಡರ ಮಧ್ಯೆಯೂ ಒಂದು ಸಣ್ಣ ಗೆರೆ ಇದೆ: ಯಾರೂ ಇಲ್ಲ, ಏನೂ ಇಲ್ಲ ಅನ್ನುವ ಮಾತಿಗೆ ಆಲ್ಮೋಸ್ಟ್ ಮಾತ್ರ ಹೊಂದುತ್ತದೆ. ‘ಆಲ್ಮೋಸ್ಟ್ ನೋ ಸ್ಟಾಕ್’, ‘ಆಲ್ಮೋಸ್ಟ್ ನೋಬಡಿ ಕೇಮ್’. ಇಲ್ಲಿ ನಿಯರ್ಲಿ ಹಾಕಿದರೆ ಕಿವಿಗೆ ಚುಚ್ಚುತ್ತದೆ.

ದಾಟಿದೆ, ಆದರೆ ಬಹಳ ದಾಟಿಲ್ಲ ಅಂದರೆ ಜಸ್ಟ್ ಓವರ್. ನಮ್ಮ ‘ಐವತ್ತು ಚಿಲ್ಲರೆ’ಗೆ ಇಂಗ್ಲಿಷ್‌ನಲ್ಲಿ ಇನ್ನೊಂದು ಪದ ಇದೆ: ‘ಫಿಫ್ಟಿ-ಆಡ್’. ಮಧ್ಯೆ ಅಡ್ಡಗೆರೆ ಮರೆಯಬೇಡಿ. ಗೆರೆ ಬಿಟ್ಟು ‘ಫಿಫ್ಟಿ ಆಡ್ ಪೀಪಲ್’ ಅಂತ ಬರೆದರೆ ‘ಐವತ್ತು ಜನ ವಿಚಿತ್ರ ಮನುಷ್ಯರು’ ಅಂತಲೂ ಓದಬಹುದು. ಇದು ಇಪ್ಪತ್ತು, ಐವತ್ತು, ನೂರು ಅನ್ನುವಂಥ ದುಂಡು ಅಂಕಿಗೆ ಮಾತ್ರ ಹೊಂದುತ್ತದೆ. ‘ಫಿಫ್ಟಿಥ್ರೀ-ಆಡ್’ ಅನ್ನುವುದು ಇಲ್ಲ.

‘ಇಶ್’ ಅಂತ ಬಾಲ ಸೇರಿಸುವುದೂ ಉಂಟು, ‘ಸಿಕ್ಸಿಶ್’ ಅಂದರೆ ಆರು ಗಂಟೆ ಆಸುಪಾಸು. ಸ್ನೇಹಿತರ ಜೊತೆ ಸರಿ. ಮ್ಯಾನೇಜರ್‌ಗೆ ಬರೆಯುವಾಗ ಬೇಡ.

ಕನ್ನಡದಿಂದ ನೇರ ತಿರುಗಿಸಿದರೆ ಸಿಕ್ಕಿಬೀಳುವ ಜಾಗಗಳು

ಎಪಿಎಂಸಿ ಮಂಡಿಯಲ್ಲಿ ‘ನಾಳೆ ಎಷ್ಟು ಬಾಕ್ಸ್ ಬರುತ್ತಣ್ಣ?’ ಅಂತ ಕೇಳಿದರೆ ‘ಒಂದು ಎಂಬತ್ತು ಬರಬಹುದಪ್ಪ’ ಅನ್ನುತ್ತಾರೆ. ಈ ‘ಒಂದು’ ಎಣಿಕೆಯ ಒಂದಲ್ಲ, ಅಂದಾಜಿನ ಒಂದು. ಮಾತಿನ ಭರದಲ್ಲಿ ಅದನ್ನೇ ‘ಒನ್ ಎಯ್ಟಿ ಬಾಕ್ಸಸ್’ ಅಂದರೆ ಆ ಕಡೆ ಫೋನ್‌ನಲ್ಲಿ ಇರುವವರು ನೂರ ಎಂಬತ್ತು ಅಂತ ಬರೆದುಕೊಳ್ಳುತ್ತಾರೆ. ಎಂಬತ್ತಕ್ಕೆ ನೂರ ಎಂಬತ್ತರ ಗಾಡಿ ಬಂದು ನಿಂತರೆ ಬಾಡಿಗೆ ಯಾರು ಕೊಡುವುದು? ‘ಅಬೌಟ್ ಎಯ್ಟಿ’ ಅನ್ನಿ. ‘ಒಂದು’ ಅನ್ನುವುದನ್ನು ಕನ್ನಡದಲ್ಲೇ ಬಿಟ್ಟು ಬನ್ನಿ.

ಇದರಂತೆಯೇ ಜೋಡಿ ಅಂಕಿಗಳು. ನಾವು ಎರಡು ಅಂಕಿ ಪಕ್ಕ ಪಕ್ಕ ಇಟ್ಟರೆ ಅಂದಾಜಾಯಿತು: ಎರಡು ಮೂರು, ನಾಲ್ಕೈದು, ಏಳೆಂಟು, ಹತ್ತು ಹದಿನೈದು. ನಮ್ಮ ಜಿಲ್ಲೆಯಲ್ಲಿ ಮನೆಯಲ್ಲಿ ತೆಲುಗು ಮಾತಾಡುವವರೂ ಬಹಳ ಜನ ಇದ್ದೀರಿ, ಅಲ್ಲೂ ‘ಪದಿ ಪದಿಹೇನು’ ಅಂತಲೇ ಅನ್ನುವುದು. ಇಂಗ್ಲಿಷ್‌ನಲ್ಲಿ ಹಾಗೆ ಸುಮ್ಮನೆ ಪಕ್ಕ ಪಕ್ಕ ಇಡಲು ಆಗುವುದಿಲ್ಲ. ‘ಹತ್ತು ಹದಿನೈದು ನಿಮಿಷ ಬಿಟ್ಟು ಬನ್ನಿ’ ಅನ್ನುವುದನ್ನು ‘ಕಮ್ ಆಫ್ಟರ್ ಟೆನ್ ಫಿಫ್ಟೀನ್’ ಅಂದರೆ ಹತ್ತೂಕಾಲು ಗಂಟೆ ಆದ ಮೇಲೆ ಬನ್ನಿ ಅಂತ ಅರ್ಥ. ಹತ್ತಿರದ ಸಣ್ಣ ಅಂಕಿಗಳಿಗೆ ಮಧ್ಯೆ ‘ಆರ್’ ಹಾಕಿ: ‘ಟೂ ಆರ್ ತ್ರೀ’, ‘ಸೆವೆನ್ ಆರ್ ಎಯ್ಟ್’. ದೂರ ದೂರದ ಅಂಕಿಗಳಿಗೆ ‘ಟು’ ಹಾಕಿ: ‘ಟೆನ್ ಟು ಫಿಫ್ಟೀನ್ ಮಿನಿಟ್ಸ್’, ‘ಎಯ್ಟಿ ಟು ನೈಂಟಿ ಬಾಕ್ಸಸ್’. ಒಂದೆರಡು ಅನ್ನುವುದಕ್ಕೆ ‘ಒನ್ ಆರ್ ಟೂ’.

ಮೂರನೆಯದು ಸಮಯ. ‘ಆರು ಗಂಟೆ ಹೊತ್ತಿಗೆ ಬರುತ್ತೇನೆ’ ಅನ್ನುವುದಕ್ಕೆ ನಮ್ಮಲ್ಲಿ ಎರಡು ಅರ್ಥ. ಆರರೊಳಗೆ ಬಂದಿರುತ್ತೇನೆ ಅಂತಲೂ ಆಗಬಹುದು, ಆರರ ಸುಮಾರಿಗೆ ಬರುತ್ತೇನೆ ಅಂತಲೂ ಆಗಬಹುದು. ಎದುರಿಗಿರುವವರಿಗೆ ನಾವು ಯಾವ ಅರ್ಥದಲ್ಲಿ ಹೇಳಿದೆವು ಅಂತ ಹೇಗೋ ಗೊತ್ತಾಗುತ್ತದೆ. ಇಂಗ್ಲಿಷ್‌ನಲ್ಲಿ ಇವು ಬೇರೆ ಬೇರೆ. ‘ಬೈ ಸಿಕ್ಸ್’ ಅಂದರೆ ಆರಕ್ಕಿಂತ ತಡ ಆಗುವುದಿಲ್ಲ ಅಂತ ಮಾತು ಕೊಟ್ಟ ಹಾಗೆ. ‘ಅರೌಂಡ್ ಸಿಕ್ಸ್’ ಅಂದರೆ ಐದೂ ಮುಕ್ಕಾಲೂ ಆಗಬಹುದು, ಆರೂಕಾಲೂ ಆಗಬಹುದು. ಡಿಸ್ಪ್ಯಾಚ್‌ನಲ್ಲಿ ಕೆಲಸ ಮಾಡುವವರು ಇದೊಂದನ್ನು ಸರಿಯಾಗಿ ಬರೆದರೆ ಎಷ್ಟೋ ಜಗಳ ತಪ್ಪುತ್ತದೆ.

‘ಸುಮಾರು’ ಅನ್ನುವ ನಮ್ಮ ಪದವೇ ಮೂರು ವೇಷ ಹಾಕುತ್ತದೆ. ‘ಸುಮಾರು ನೂರು ಜನ’ ಅಂದರೆ ಅಂದಾಜು. ‘ಸುಮಾರು ಜನ ಬಂದಿದ್ದರು’ ಅಂದರೆ ಸಾಕಷ್ಟು ಜನ. ‘ಊಟ ಸುಮಾರಾಗಿತ್ತು’ ಅಂದರೆ ಅಷ್ಟಕ್ಕಷ್ಟೆ. ಮೊದಲನೆಯದಕ್ಕೆ ಮಾತ್ರ ಅಪ್ರಾಕ್ಸಿಮೇಟ್ಲಿ. ಎರಡನೆಯದಕ್ಕೆ ‘ಕ್ವೈಟ್ ಎ ಲಾಟ್ ಆಫ್ ಪೀಪಲ್’, ಮೂರನೆಯದಕ್ಕೆ ‘ಸೋ-ಸೋ’ ಅಥವಾ ‘ಆವರೇಜ್’. ‘ಹೆಚ್ಚುಕಮ್ಮಿ’ ಕಥೆಯೂ ಇದೇ. ‘ಕೆಲಸ ಹೆಚ್ಚುಕಮ್ಮಿ ಮುಗಿದಿದೆ’ ಅನ್ನುವುದಕ್ಕೆ ‘ಮೋರ್ ಆರ್ ಲೆಸ್ ಫಿನಿಶ್ಡ್’ ಸರಿಯಾಗಿ ಕೂರುತ್ತದೆ. ಆದರೆ ‘ಏನಾದರೂ ಹೆಚ್ಚುಕಮ್ಮಿ ಆದರೆ ಫೋನ್ ಮಾಡಿ’ ಅನ್ನುವ ಕಡೆ ಅದು ಅನಾಹುತದ ಹೆಚ್ಚುಕಮ್ಮಿ. ಅಲ್ಲಿ ‘ಇಫ್ ಎನಿಥಿಂಗ್ ಗೋಸ್ ರಾಂಗ್’ ಅಂತ ಬರೆಯಬೇಕು.

ಪಕ್ಕದ ಪದಗಳು: ಎಸ್ಟಿಮೇಟ್, ಟೆಂಟೇಟಿವ್

ಮನೆ ಕಟ್ಟುವಾಗ ಮೇಸ್ತ್ರಿ ಕೊಡುವುದು ಎಸ್ಟಿಮೇಟ್. ಸಿಮೆಂಟ್ ಇಷ್ಟು, ಜಲ್ಲಿ ಇಷ್ಟು, ಕೂಲಿ ಇಷ್ಟು ಅಂತ ಕೆಲಸ ಶುರು ಆಗುವ ಮೊದಲೇ ಲೆಕ್ಕ ಹಾಕಿ ಹೇಳುವುದು. ಟೆಂಡರ್ ನೋಟಿಸಿನಲ್ಲಿ ‘ಅಂದಾಜು ವೆಚ್ಚ’ ಅಂತ ಬರುತ್ತದಲ್ಲ, ಅದಕ್ಕೆ ಇಂಗ್ಲಿಷ್ ‘ಎಸ್ಟಿಮೇಟೆಡ್ ಕಾಸ್ಟ್’. ಆ ಅಂಕಿ ಪೈಸೆ ಸಮೇತ ಇದ್ದರೂ ಅದು ಎಸ್ಟಿಮೇಟೇ. ಅಪ್ರಾಕ್ಸಿಮೇಟ್ ಅಂದರೆ ಅಂಕಿಯನ್ನು ದುಂಡಗೆ ಮಾಡಿ ಹತ್ತಿರದ್ದು ಹೇಳುವುದು, ಆಗಿಹೋದ ವಿಷಯಕ್ಕೂ ಬಳಸಬಹುದು.

ಟೆಂಟೇಟಿವ್ ಅಂದರೆ ಬೇರೆಯೇ. ‘ಟೆಂಟೇಟಿವ್ ಡೇಟ್ 14’ ಅಂದರೆ ದಿನ ಹದಿನಾಲ್ಕೇ, ಆದರೆ ಇನ್ನೂ ಖಾಯಂ ಆಗಿಲ್ಲ, ಬದಲಾಗಬಹುದು. ‘ಅಪ್ರಾಕ್ಸಿಮೇಟ್ ಡೇಟ್’ ಅಂದರೆ ಹದಿಮೂರೋ ಹದಿನೈದೋ, ಅದರ ಆಸುಪಾಸು. ನೇಮಕಾತಿ ಪಟ್ಟಿಗಳಲ್ಲಿ ‘ತಾತ್ಕಾಲಿಕ ಆಯ್ಕೆ ಪಟ್ಟಿ’ ಅಂತ ನೋಡಿರುತ್ತೀರಿ. ಅದರಲ್ಲಿ ಹೆಸರುಗಳು ಖಚಿತವಾಗಿಯೇ ಇವೆ, ಆಕ್ಷೇಪಣೆ ಬಂದರೆ ಬದಲಾಗುತ್ತವೆ. ಮೀಟಿಂಗ್ ದಿನ ತಿಳಿಸುವಾಗ ‘ಅಪ್ರಾಕ್ಸಿಮೇಟ್ಲಿ ಫ್ರೈಡೇ’ ಅಂತ ಬರೆದರೆ ಶುಕ್ರವಾರದ ಹತ್ತಿರದ್ದು ಯಾವ ದಿನ ಅಂತ ಕೇಳಬೇಕಾಗುತ್ತದೆ.

ಅಂಕಿಯನ್ನು ಎಷ್ಟು ದುಂಡಗೆ ಮಾಡಬೇಕು?

‘ಅಪ್ರಾಕ್ಸಿಮೇಟ್ಲಿ 1,487’ ಅಂತ ಬರೆಯಬೇಡಿ. ಕೊನೆಯ ಏಳರವರೆಗೂ ಎಣಿಸಿದವರಿಗೆ ಅಂದಾಜಿನ ಮಾತು ಯಾಕೆ? ಒಂದೋ ‘1,487’ ಅಂತ ನೇರ ಬರೆಯಿರಿ, ಇಲ್ಲ ‘ಅಪ್ರಾಕ್ಸಿಮೇಟ್ಲಿ 1,500’ ಅನ್ನಿ. ನಂದಿಬೆಟ್ಟದ ಎತ್ತರ ಸಮುದ್ರ ಮಟ್ಟದಿಂದ 1,478 ಮೀಟರ್. ಪ್ರಬಂಧದಲ್ಲಿ ಬರೆಯುವಾಗ 1,478 ಅಂತ ಪೂರ್ತಿ ಬರೆಯಬಹುದು, ನೋಡಲು ಬಂದವರಿಗೆ ಹೇಳುವಾಗ ‘ಅಬೌಟ್ 1,500 ಮೀಟರ್ಸ್’ ಸಾಕು. ಎರಡನ್ನೂ ಸೇರಿಸಿ ‘ಅಬೌಟ್ 1,478’ ಅನ್ನುವುದು ಮಾತ್ರ ಚೆನ್ನಾಗಿರುವುದಿಲ್ಲ.

ಒಂದು ಅಳತೆಯಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಈ ತಪ್ಪು ಕಳ್ಳನಂತೆ ಒಳಗೆ ಬರುತ್ತದೆ. ಯಾರೋ ‘ಸುಮಾರು 10,000 ಅಡಿ’ ಅನ್ನುತ್ತಾರೆ. ಕ್ಯಾಲ್ಕುಲೇಟರ್‌ನಲ್ಲಿ ಒತ್ತಿದರೆ 3,048 ಮೀಟರ್ ಬರುತ್ತದೆ. ‘ಅಪ್ರಾಕ್ಸಿಮೇಟ್ಲಿ 3,048 ಮೀಟರ್ಸ್’ ಅಂತ ಬರೆದುಬಿಟ್ಟರೆ ಯಾರೋ ಟೇಪ್ ಹಿಡಿದು ಅಳೆದ ಹಾಗೆ ಕಾಣುತ್ತದೆ, ಆದರೆ ಮೂಲದಲ್ಲಿ ಇದ್ದದ್ದು ದುಂಡು ಹತ್ತು ಸಾವಿರ. ‘ಅಬೌಟ್ 3,000’ ಅಂತ ಬರೆಯಿರಿ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯ ಆಳವನ್ನು ಸಾಮಾನ್ಯವಾಗಿ ಸುಮಾರು 3.2 ಕಿಲೋಮೀಟರ್ ಅನ್ನುತ್ತಾರೆ. ಅಲ್ಲಿ ಒಂದು ದಶಮಾಂಶ ಸಾಕು, ಅದಕ್ಕಿಂತ ಮುಂದೆ ಹೋಗುವ ಅಗತ್ಯ ಇಲ್ಲ.

ಅದೇ ಕೆಜಿಎಫ್ ಗಣಿ ಮುಚ್ಚಿದ್ದು 28 ಫೆಬ್ರವರಿ 2001ರಂದು. ಇದು ದಾಖಲೆಯಲ್ಲಿ ಇರುವ ದಿನ. ‘ಅರೌಂಡ್ 2001’ ಅಂತ ಬರೆದರೆ ಹುಡುಕುವ ಶ್ರಮ ತೆಗೆದುಕೊಂಡಿಲ್ಲ ಅಂತ ಅರ್ಥ. ಹಾಗೇ ಪಾವಗಡದ ಸೋಲಾರ್ ಪಾರ್ಕ್ ಬಗ್ಗೆ ಬರೆಯುವಾಗ ಅದರ ಸಾಮರ್ಥ್ಯ 2,050 ಮೆಗಾವ್ಯಾಟ್, ಇದನ್ನು ಹೀಗೇ ಬರೆಯಬೇಕು, ಅಂದಾಜು ಪದ ಬೇಡ. ಅದು ಹರಡಿರುವ ಜಾಗ ‘ಅಪ್ರಾಕ್ಸಿಮೇಟ್ಲಿ 13,000 ಏಕರ್ಸ್’, ಇಲ್ಲಿ ಬೇಕು. ಒಂದೇ ವಾಕ್ಯದಲ್ಲಿ ಒಂದು ಅಂಕಿ ಪಕ್ಕಾ, ಇನ್ನೊಂದು ಅಂದಾಜು. ಎರಡಕ್ಕೂ ಒಂದೇ ಪದ ಹಾಕಿದರೆ ಪಕ್ಕಾ ಇದ್ದದ್ದೂ ಸಡಿಲವಾಗುತ್ತದೆ.

ಇಸವಿಗಳಿಗೆ ಒಂದು ಬೇರೆ ಪದ ಇದೆ: ‘ಸರ್ಕಾ’. ಇದೂ ಲ್ಯಾಟಿನ್‌ನದೇ, ಚಿಕ್ಕದಾಗಿ ಇಂಗ್ಲಿಷ್ ‘ಸಿ’ ಅಕ್ಷರ ಬರೆದು ಚುಕ್ಕಿ ಇಡುತ್ತಾರೆ. ನಮ್ಮ ಜಿಲ್ಲೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯ ಉದಾಹರಣೆ ತೆಗೆದುಕೊಳ್ಳಿ. ಹುಟ್ಟಿದ ಇಸವಿ ಖಚಿತವಾಗಿ ಸಿಕ್ಕಿಲ್ಲ, 1720ರ ಆಸುಪಾಸು ಅನ್ನುತ್ತಾರೆ. ತೀರಿಕೊಂಡದ್ದು 7 ಡಿಸೆಂಬರ್ 1782. ಹಾಗಾಗಿ ಹುಟ್ಟಿಗೆ ಮೊದಲು ‘ಸರ್ಕಾ’ ಬರೆಯುತ್ತಾರೆ, ಸಾವಿಗೆ ಬರೆಯುವುದಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಇಂಗ್ಲಿಷ್‌ನಲ್ಲಿ ಓದುವವರು ಇತಿಹಾಸದ ಪುಸ್ತಕದಲ್ಲಿ ಈ ಚುಕ್ಕಿ ಇಟ್ಟ ‘ಸಿ’ ನೋಡಿದರೆ ಇನ್ನು ಮುಂದೆ ಹಾಗೇ ದಾಟಿ ಹೋಗಬೇಡಿ. ತೂಕಕ್ಕೆ, ಬೆಲೆಗೆ ಸರ್ಕಾ ಬೇಡ, ಅದು ಇಸವಿಗೆ ಮಾತ್ರ ಚೆಂದ.

ಅಂದಾಜನ್ನು ಗುಣಿಸಿದರೆ ಏನಾಗುತ್ತದೆ

ಟೊಮ್ಯಾಟೊ ಬಾಕ್ಸ್‌ಗೆ 15 ಕೆಜಿ ಅಂತ ಲೆಕ್ಕ ಹಿಡಿಯುತ್ತಾರೆ. ಮನೆ ಮಾತಿಗೆ ‘ಅಬೌಟ್ 15 ಕೆಜಿ’ ಅಂದರೆ ಏನೂ ತೊಂದರೆ ಇಲ್ಲ. ಆದರೆ ಬಾಕ್ಸಿನಲ್ಲಿ ನಿಜವಾಗಿ ಇರುವುದು 14 ಕೆಜಿ ಅಂದುಕೊಳ್ಳಿ. ಒಂದು ಬಾಕ್ಸ್‌ಗೆ ಒಂದೇ ಕೆಜಿ ವ್ಯತ್ಯಾಸ. ಇನ್ನೂರು ಬಾಕ್ಸ್ ಲೋಡ್ ಮಾಡಿದರೆ 200 ಕೆಜಿ! 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿ ಬಾಕ್ಸ್ ಬೆಲೆ 2,000 ರೂಪಾಯಿ ದಾಟಿತ್ತು. ಆ ರೇಟಿನಲ್ಲಿ ಈ 200 ಕೆಜಿ ಅಂದರೆ 26 ಸಾವಿರಕ್ಕೂ ಜಾಸ್ತಿ. ಅದಕ್ಕೇ ಒಂದು ಅಂಕಿಯನ್ನು ಮುಂದೆ ಯಾರಾದರೂ ಗುಣಿಸುತ್ತಾರೆ ಅಂತ ಗೊತ್ತಿದ್ದರೆ ಅಂದಾಜು ಕೊಡಬೇಡಿ, ತೂಕ ಹಾಕಿ ಕೊಡಿ. ಆಗುವುದಿಲ್ಲ ಅಂದರೆ ಎಷ್ಟು ಆಚೀಚೆ ಆಗಬಹುದು ಅನ್ನುವುದನ್ನೂ ಬರೆಯಿರಿ: ‘15 ಕೆಜಿ, ಗಿವ್ ಆರ್ ಟೇಕ್ ಒನ್ ಕೆಜಿ’. ಈ ‘ಗಿವ್ ಆರ್ ಟೇಕ್’ ತುಂಬಾ ಕೆಲಸಕ್ಕೆ ಬರುವ ಮಾತು, ನಮ್ಮ ಕಡೆ ಯಾಕೋ ಕಡಿಮೆ ಬಳಸುತ್ತೇವೆ. ಅಂದಾಜಿನ ಜೊತೆಗೆ ಅದರ ಅಂಚನ್ನೂ ಹೇಳುತ್ತದೆ.

ಫ್ಯಾಕ್ಟರಿಯಲ್ಲಿ ಡ್ರಾಯಿಂಗ್ ನೋಡಿ ಕೆಲಸ ಮಾಡುವ ಐಟಿಐ, ಡಿಪ್ಲೊಮಾ ಹುಡುಗರಿಗೆ ಒಂದು ವಿಶೇಷ ಮಾತು. ಡ್ರಾಯಿಂಗ್‌ನಲ್ಲಿ ‘10 ಎಂಎಂ, ಪ್ಲಸ್ ಆರ್ ಮೈನಸ್ 0.1’ ಅಂತ ಇದ್ದರೆ ಅದು ಅಂದಾಜಲ್ಲ. 9.9ರಿಂದ 10.1ರವರೆಗೆ ಪಾಸ್, ಅದರಾಚೆ ರಿಜೆಕ್ಟ್, ಅಷ್ಟು ಕಟ್ಟುನಿಟ್ಟು. ಇನ್‌ಸ್ಪೆಕ್ಷನ್ ರಿಪೋರ್ಟ್‌ನಲ್ಲಿ ‘ಅಪ್ರಾಕ್ಸ್ 10’ ಅಂತ ಬರೆದರೆ ಆ ರಿಪೋರ್ಟಿಗೆ ಬೆಲೆ ಇಲ್ಲ. ವರ್ನಿಯರ್‌ನಲ್ಲಿ ಅಳೆದಾಗ ಏನು ಬಂತೋ ಅದನ್ನೇ ಬರೆಯಿರಿ, 10.04 ಅಂದರೆ 10.04.

ಇನ್ನು ಅಂದಾಜು ಪದ ಕಾಲಿಡಲೇಬಾರದ ಜಾಗ ಹೇಳಬೇಕಾ? ಹುಟ್ಟಿದ ದಿನಾಂಕ, ಇನ್‌ವಾಯ್ಸ್ ಮೊತ್ತ, ಔಷಧಿಯ ಪ್ರಮಾಣ, ಅಪಘಾತದ ದೂರಿನಲ್ಲಿ ಗಾಡಿ ನಂಬರು. ಜಮೀನು ಕೂಡ. ಮಾತಿನಲ್ಲಿ ‘ಎರಡು ಎಕರೆ ಇದೆ’ ಅನ್ನುತ್ತೇವೆ, ಪಹಣಿಯಲ್ಲಿ 1 ಎಕರೆ 36 ಗುಂಟೆ ಇರುತ್ತದೆ. ಎಕರೆಗೆ 40 ಗುಂಟೆ, ಅಂದರೆ ನಾಲ್ಕು ಗುಂಟೆ ಕಮ್ಮಿ. ಬ್ಯಾಂಕಿಗೆ ಇಂಗ್ಲಿಷ್‌ನಲ್ಲಿ ಅರ್ಜಿ ಬರೆಯುವಾಗ ಪಹಣಿಯಲ್ಲಿ ಇದ್ದದ್ದನ್ನೇ ಬರೆಯಿರಿ.

ಉಲ್ಟಾ ತಪ್ಪೂ ಇದೆ. ಪಕ್ಕಾ ಅಂಕಿ ಗೊತ್ತಿದ್ದೂ ಕೆಟ್ಟ ಸುದ್ದಿ ಮೆತ್ತಗೆ ಮಾಡೋಣ ಅಂತ ಅಪ್ರಾಕ್ಸಿಮೇಟ್ಲಿ ಹಾಕುವುದು. ‘ಅಪ್ರಾಕ್ಸಿಮೇಟ್ಲಿ ಟೂ ಡೇಸ್ ಲೇಟ್’ ಅಂತ ಬರೆದು, ನಿಜಕ್ಕೂ ಮೂರು ದಿನ ಆಗುತ್ತದೆ ಅಂತ ನಿಮಗೆ ಗೊತ್ತಿದ್ದರೆ, ದಯವಿಟ್ಟು ಮೂರು ಅಂತಲೇ ಬರೆಯಿರಿ. ಆ ಕಡೆಯವರು ಆ ಎರಡು ದಿನವನ್ನು ನಂಬಿ ತಮ್ಮ ಕೆಲಸ ಹೊಂದಿಸಿಕೊಂಡಿರುತ್ತಾರೆ.

ಚಿಹ್ನೆಗಳು

ಎರಡು ಅಲೆ ಒಂದರ ಮೇಲೊಂದು ಇರುವುದು, ≈, ಇದು ಗಣಿತದ ಚಿಹ್ನೆ. ಶಾಲೆಯಲ್ಲಿ ಪೈ ಬೆಲೆ 22/7 ಅಂತ ತೆಗೆದುಕೊಳ್ಳಿ ಅನ್ನುತ್ತಾರಲ್ಲ, ಅಲ್ಲಿ ಸರಿಯಾಗಿ ಬರೆದರೆ ಪೈ ≈ 22/7. ಯಾಕೆಂದರೆ 22/7 ಅಂದರೆ 3.1428 ಹೀಗೆ ಹೋಗುತ್ತದೆ, ಪೈ 3.1415 ಹೀಗೆ ಹೋಗುತ್ತದೆ. ಎರಡೂ ಒಂದೇ ಅಲ್ಲ, ಹತ್ತಿರ ಅಷ್ಟೇ. ಒಂದೇ ಅಲೆ, ~, ಇದು ಮೆಸೇಜಿನಲ್ಲಿ ನಡೆಯುತ್ತದೆ: ~50 ಬಾಕ್ಸಸ್. ವಾಟ್ಸಾಪಿನಲ್ಲಿ ಮಾತ್ರ ಅಂಕಿಯ ಎರಡೂ ಬದಿಗೆ ಈ ಅಲೆ ಅಂಟಿಸಿದರೆ ಅಂಕಿಯ ಮೇಲೆ ಗೆರೆ ಎಳೆದು ಹೊಡೆದು ಹಾಕಿದ ಹಾಗೆ ಕಾಣುತ್ತದೆ, ಅದೊಂದು ನೋಡಿಕೊಳ್ಳಿ. ಹೊರದೇಶದವರಿಗೆ ಬರೆಯುವಾಗ ಲಕ್ಷ, ಕೋಟಿ ಬಿಟ್ಟು ‘ಅಪ್ರಾಕ್ಸಿಮೇಟ್ಲಿ 200,000’ ಅಂತ ಬರೆಯಿರಿ. ಎರಡು ಲಕ್ಷ ಅಂದರೆ ಅವರಿಗೆ ಗೊತ್ತಾಗುವುದಿಲ್ಲ.

ಒಂದು ಮೆಸೇಜ್ ಬರೆದು ನೋಡೋಣ

ತಲೆಯಲ್ಲಿ ಇರುವುದು ಇದು: ‘ಸರ್, ಲಾರಿ ಮುಳಬಾಗಿಲು ದಾಟಿದೆ, ಒಂದು ಐವತ್ತು ನಿಮಿಷದಲ್ಲಿ ಬರುತ್ತದೆ. ನೂರಿಪ್ಪತ್ತು ಚಿಲ್ಲರೆ ಬಾಕ್ಸ್ ಇದೆ. ಇಳಿಸಲು ಎರಡು ಮೂರು ಜನ ಬೇಕು. ಮುಂದಿನ ಲೋಡ್ ಶುಕ್ರವಾರ ಅಂದುಕೊಂಡಿದ್ದೇವೆ.’

ಇದರಲ್ಲಿ ನಾಲ್ಕು ಥರದ ಅಂದಾಜಿದೆ, ನಾಲ್ಕಕ್ಕೂ ಬೇರೆ ಬೇರೆ ಪದ. ‘ಒಂದು ಐವತ್ತು’ ಎರಡೂ ಕಡೆ ವಾಲುತ್ತದೆ, ಹಾಗಾಗಿ ‘ಇಟ್ ಶುಡ್ ರೀಚ್ ಇನ್ ಅಬೌಟ್ 50 ಮಿನಿಟ್ಸ್’. ಒನ್ ಫಿಫ್ಟಿ ಅಂದರೆ ಎರಡೂವರೆ ಗಂಟೆ ಆಗಿಬಿಡುತ್ತದೆ. ‘ಚಿಲ್ಲರೆ’ ಅಂದರೆ ದಾಟಿದೆ, ಅದಕ್ಕೆ ‘ಜಸ್ಟ್ ಓವರ್ 120 ಬಾಕ್ಸಸ್’, ಜೊತೆಗೆ ‘ದಿ ಎಕ್ಸಾಕ್ಟ್ ಕೌಂಟ್ ಈಸ್ ಆನ್ ದಿ ಇನ್‌ವಾಯ್ಸ್’ ಅಂತ ಸೇರಿಸಿದರೆ ಇನ್ನೂ ಒಳ್ಳೆಯದು. ಜೋಡಿ ಅಂಕಿಗೆ ‘ವಿ ನೀಡ್ ಟೂ ಆರ್ ತ್ರೀ ಪೀಪಲ್ ಟು ಅನ್‌ಲೋಡ್’. ಶುಕ್ರವಾರ ಬದಲಾಗಬಹುದು ಅಷ್ಟೇ, ಅದಕ್ಕೆ ‘ದಿ ನೆಕ್ಸ್ಟ್ ಲೋಡ್ ಈಸ್ ಟೆಂಟೇಟಿವ್ಲಿ ಆನ್ ಫ್ರೈಡೇ’. ನೋಡಿ, ಅಪ್ರಾಕ್ಸಿಮೇಟ್ಲಿ ಅನ್ನುವ ಪದ ಒಮ್ಮೆಯೂ ಬೇಕಾಗಲಿಲ್ಲ.

ಲಾರಿ ಬಂದು ಬಾಕ್ಸ್ ಇಳಿಸಿ ಎಣಿಸಿದ ಮೇಲೆ ಇನ್ನೊಂದು ಮೆಸೇಜ್ ಕಳಿಸಿ: ‘ರಿಸೀವ್ಡ್ 123 ಬಾಕ್ಸಸ್ ಅಟ್ 4.40 ಪಿಎಂ’. ಮೊದಲು ಕೊಟ್ಟ ಅಂದಾಜಿನ ಮೆಸೇಜಿಗೇ ರಿಪ್ಲೈ ಮಾಡಿ ಕಳಿಸಿದರೆ ಎರಡೂ ಒಟ್ಟಿಗೆ ಕಾಣುತ್ತವೆ, ಸ್ಟೋರ್ಸ್‌ನವರು ಹಳೆಯ ಅಂಕಿಯನ್ನು ರಿಜಿಸ್ಟರ್‌ಗೆ ಬರೆದುಕೊಳ್ಳುವುದು ತಪ್ಪುತ್ತದೆ.